ಬೀಟಿಂಗ್ ಹಾರ್ಟ್ ಬೈಪಾಸೋ, ಮಷೀನ್ ಇಟ್ಟು ಮಾಡುವ ಬೈಪಾಸೋ: ಆಸ್ಪತ್ರೆಗಳ ಶೇಕಡಾ ಲೆಕ್ಕವನ್ನು ಹೋಲಿಸುವ ಬಗೆ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 66 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗುಡ್ಡ ಹತ್ತುವಾಗ ಎದೆ ಹಿಡಿದಂತಾಗುತ್ತದೆ ಎಂದು ಶಿವಮೊಗ್ಗದಲ್ಲಿ ಆಂಜಿಯೋಗ್ರಾಮ್ ಮಾಡಿಸಿದೆವು. ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಇದೆ, ಬೈಪಾಸ್ ಆಗಬೇಕು ಅಂದರು. ಹೃದಯದ ಪಂಪಿಂಗ್ ಶೇ. 45, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.4. ಒಂದು ಆಸ್ಪತ್ರೆಯವರು ಬೀಟಿಂಗ್ ಹಾರ್ಟ್ ಮಾಡೋಣ ಎನ್ನುತ್ತಾರೆ; ಅವರು ಕೊಟ್ಟ ಕರಪತ್ರದಲ್ಲಿ ‘ಹಳೆ ವಿಧಾನಕ್ಕಿಂತ ಸಾವಿನ ಪ್ರಮಾಣ ಅರ್ಧ’ ಎಂದಿದೆ. ಇನ್ನೊಂದು ಊರಿನ ಸರ್ಜನ್ ಮಷೀನ್ ಇಟ್ಟೇ ಮಾಡುತ್ತೇವೆ, ‘ಹಿಂದಿನ ನೂರು ಕೇಸಿನಲ್ಲಿ ಒಂದೂ ಸಾವಿಲ್ಲ’ ಎನ್ನುತ್ತಾರೆ. ಬೀಟಿಂಗ್ ಹಾರ್ಟ್ ಮಾಡಿಸಿಕೊಂಡವರು ಐದು ವರ್ಷದಲ್ಲಿ ಹೆಚ್ಚು ಸಾಯುತ್ತಾರೆಂದು ಅಮೆರಿಕದ ಅಧ್ಯಯನ ತೋರಿಸಿದೆ ಎಂದು ಬೆಂಗಳೂರಿನಲ್ಲಿರುವ ತಮ್ಮ ವಿಡಿಯೋ ಕಳಿಸಿದ್ದಾನೆ. ನಾನು ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಕರಪತ್ರದ ಅಂಕಿಗೆ ಕೈ-ಸ್ಕ್ವೇರ್ (ಅಂತರ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಪರೀಕ್ಷೆ) ಹಾಕಿ ನೋಡಿದರೆ ಸಾಕೇ? ಇಂಥ ಎರಡು ವಿಧಾನಗಳನ್ನು ನಿಜಕ್ಕೂ ಹೋಲಿಸುವುದು ಹೇಗೆ?

ಉತ್ತರ: ನಿಮಗೆ ಬಂದಿರುವ ಮೂರು ಮಾತುಗಳಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಕರಪತ್ರದ ‘ಅರ್ಧ’, ಸರ್ಜನ್ ಹೇಳಿದ ‘ನೂರಕ್ಕೆ ಸೊನ್ನೆ’, ತಮ್ಮನ ವಿಡಿಯೋದ ‘ಐದು ವರ್ಷ’ ಮೂರೂ ಏಕಕಾಲಕ್ಕೆ ನಿಜವಾಗಿರಬಹುದು. ಹಾಗಿದ್ದೂ ನಿಮ್ಮ ತಂದೆಯವರಿಗೆ ಯಾವುದು ಒಳ್ಳೆಯದೆಂದು ಅವುಗಳಿಂದ ತಿಳಿಯದೇ ಹೋಗಬಹುದು. ಕೈ-ಸ್ಕ್ವೇರ್ ಸಾಕೇ ಎಂಬುದಕ್ಕೆ ನೇರ ಉತ್ತರ: ಸಾಲದು. ಇಂಥ ಹೋಲಿಕೆಗಳು ಕೊನೆಯಲ್ಲಿ ಹಾಕುವ ಪರೀಕ್ಷೆಯಿಂದ ಕೆಡುವುದು ಕಡಿಮೆ. ಯಾರು ಯಾವ ಗುಂಪಿಗೆ ಸೇರಿದರು, ಯಾವ ಘಟನೆಯನ್ನು ಎಣಿಸಿದರು, ಎಷ್ಟು ದಿನದವರೆಗೆ ಎಣಿಸಿದರು ಎಂಬಲ್ಲಿಯೇ ಅವು ಕೆಟ್ಟಿರುತ್ತವೆ.

ಎರಡೂ ಬೈಪಾಸೇ. ಎದೆಮೂಳೆ ಸೀಳಿ, ಎದೆಯೊಳಗಿನ ಮ್ಯಾಮರಿ ಧಮನಿಯನ್ನೋ ಕಾಲಿನ ರಕ್ತನಾಳವನ್ನೋ ಬ್ಲಾಕ್ ಇರುವ ಜಾಗದಿಂದ ಆಚೆಗೆ ಹೊಲಿಯುತ್ತಾರೆ. ಮಷೀನ್ ಇಟ್ಟು ಮಾಡುವಾಗ ಹಾರ್ಟ್-ಲಂಗ್ ಮಷೀನ್ ರಕ್ತಸಂಚಾರ ವಹಿಸಿಕೊಳ್ಳುತ್ತದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಹೃದಯ ನಿಲ್ಲಿಸಿ, ಅಲುಗಾಡದ ಹೃದಯದ ಮೇಲೆ ಹೊಲಿಗೆ ಹಾಕುತ್ತಾರೆ. ಬೀಟಿಂಗ್ ಹಾರ್ಟ್‌ನಲ್ಲಿ, ಅಂದರೆ ಆಫ್-ಪಂಪ್‌ನಲ್ಲಿ, ಹೊಲಿಯುವ ಜಾಗವನ್ನಷ್ಟೇ ಸ್ಟೆಬಿಲೈಸರ್‌ನಿಂದ ಅಲುಗದಂತೆ ಹಿಡಿಯುತ್ತಾರೆ. ಉಳಿದ ಹೃದಯ ಬಡಿಯುತ್ತಲೇ ಇರುತ್ತದೆ. ಮಷೀನ್ ತಪ್ಪಿದರೆ ರಕ್ತಸ್ರಾವ, ಕಿಡ್ನಿಯ ತೊಂದರೆ, ಲಕ್ವ ಕಡಿಮೆಯಾದೀತೆಂಬ ನಿರೀಕ್ಷೆ ಒಂದು ಕಡೆ. ಬಡಿಯುವ ಹೃದಯದ ಹಿಂಬದಿಯ ಸಣ್ಣ ನಾಳಕ್ಕೆ ಹೊಲಿಗೆ ಅಷ್ಟು ಕರಾರುವಾಕ್ಕಾಗಿ ಕೂರುತ್ತದೆಯೇ, ಗ್ರಾಫ್ಟ್ (ಹೊಲಿದು ಸೇರಿಸಿದ ನಾಳ) ಬಾಳುತ್ತದೆಯೇ ಎಂಬ ಅಳುಕು ಇನ್ನೊಂದು ಕಡೆ. ಲಾಭವಿದ್ದರೆ ಅದು ಮೊದಲ ವಾರಗಳಲ್ಲಿ ಕಾಣಬೇಕು, ನಷ್ಟವಿದ್ದರೆ ವರ್ಷಗಳ ಮೇಲೆ. ಮುಂದೆ ಕಾಲದ ಲೆಕ್ಕಕ್ಕೆ ಬಂದಾಗ ಇದು ಬೇಕಾಗುತ್ತದೆ.

‘ಅರ್ಧ’ ಮತ್ತು ‘ಸೊನ್ನೆ’

ಕರಪತ್ರದಲ್ಲಿ ಒಟ್ಟು ಎಷ್ಟು ರೋಗಿಗಳು, ಎಷ್ಟು ಸಾವು ಎಂಬುದು ಇಲ್ಲ. ಆದ್ದರಿಂದ ಲೆಕ್ಕ ತಿಳಿಯಲೆಂದು ಕಾಲ್ಪನಿಕ ಅಂಕಿ ಇಟ್ಟುಕೊಳ್ಳೋಣ: ಆಫ್-ಪಂಪ್ 200 ಜನ, 2 ಸಾವು, ಮಷೀನ್ ಮೇಲೆ 200 ಜನ, 4 ಸಾವು. ಶೇ. 1 ಮತ್ತು ಶೇ. 2. ‘ಅರ್ಧ’ ಎಂಬುದು ಸರಿಯೇ, ಆದರೆ ಒಟ್ಟು ವ್ಯತ್ಯಾಸ ನೂರು ಜನರಲ್ಲಿ ಒಬ್ಬರದು.

ನೀವು ಕಲಿತ ಕೈ-ಸ್ಕ್ವೇರ್ ಇಲ್ಲಿ ಬಳಸುವಂತಿಲ್ಲ, ಏಕೆಂದರೆ ಸಾವಿನ ಎರಡೂ ಕೋಷ್ಠಕಗಳಲ್ಲಿ ನಿರೀಕ್ಷಿತ ಸಂಖ್ಯೆ 3. ಅದು 5ಕ್ಕಿಂತ ಕಡಿಮೆ ಇದ್ದಾಗ ಫಿಶರ್ ಎಕ್ಸಾಕ್ಟ್ ಪರೀಕ್ಷೆ ಹಾಕಬೇಕು. ಹಾಕಿದರೆ ಪಿ-ವ್ಯಾಲ್ಯೂ ಸುಮಾರು 0.69 ಬರುತ್ತದೆ. ವ್ಯತ್ಯಾಸವೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಬರೀ ಆಕಸ್ಮಿಕವಾಗಿ ಪದೇಪದೇ ಕಾಣಸಿಗುತ್ತದೆ ಎಂಬುದಷ್ಟೇ ಅದರ ಅರ್ಥ. ಇದಕ್ಕಿಂತ ಉಪಯುಕ್ತವಾದದ್ದು ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಈ ಅಂಕಿಗಳಿಗೆ ಒಪ್ಪುವ ಬೆಲೆಗಳ ವ್ಯಾಪ್ತಿ. ಎರಡು ಅಪಾಯಗಳ ಅನುಪಾತ 0.5, ಅದರ ವ್ಯಾಪ್ತಿ ಸುಮಾರು 0.09ರಿಂದ 2.7ರವರೆಗೆ. ಆಫ್-ಪಂಪ್‌ನಲ್ಲಿ ಸಾವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದಕ್ಕೂ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದಕ್ಕೂ ಈ ಅಂಕಿಗಳು ಒಪ್ಪುತ್ತವೆ. ಶೇ. 2 ಮತ್ತು ಶೇ. 1ರ ನಡುವಿನ ನಿಜವಾದ ವ್ಯತ್ಯಾಸವನ್ನು ಶೇ. 80ರಷ್ಟು ಖಾತರಿಯಿಂದ ಹಿಡಿಯಬೇಕಾದರೆ ಪ್ರತಿ ಗುಂಪಿನಲ್ಲೂ ಸುಮಾರು 2,300 ರೋಗಿಗಳು ಬೇಕು. ಒಂದು ಆಸ್ಪತ್ರೆಯ ಒಂದೆರಡು ವರ್ಷದ ಕೇಸುಗಳಿಂದ ಇದು ಆಗುವ ಕೆಲಸವೇ ಅಲ್ಲ.

ನೂರರಲ್ಲಿ ಒಂದೂ ಸಾವಿಲ್ಲ ಎಂಬುದಕ್ಕೂ ಒಂದು ಸರಳ ಸೂತ್ರವಿದೆ. ಘಟನೆ ಸೊನ್ನೆ ಇದ್ದಾಗ, 3ನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಶೇ. 95ರ ಮೇಲಿನ ಮಿತಿ ಸಿಗುತ್ತದೆ. 3/100, ಅಂದರೆ ಶೇ. 3. ಆ ಸರ್ಜನ್ನರ ನಿಜವಾದ ಸಾವಿನ ಪ್ರಮಾಣ ಶೇ. 3 ಇದ್ದರೂ ಇಂಥ ನೂರು ಕೇಸುಗಳ ಸರಣಿ ಬರಬಹುದು. ಅದು ಒಳ್ಳೆಯ ದಾಖಲೆಯೇ, ಸಂಶಯವಿಲ್ಲ. ಆದರೆ ಕರಪತ್ರದ ಆಸ್ಪತ್ರೆಗಿಂತ ಇವರು ಮೇಲು ಎನ್ನಲು ಅದೊಂದೇ ಸಾಲದು.

ಯಾರಿಗೆ ಯಾವ ವಿಧಾನ ಎಂದು ಆರಿಸಿದ್ದು ಹೇಗೆ?

ಸಂಖ್ಯೆ ದೊಡ್ಡದಾದರೆ ಮೇಲಿನ ತೊಂದರೆ ಕರಗುತ್ತದೆ. ಎಷ್ಟೇ ದೊಡ್ಡದಾದರೂ ಕರಗದ ತೊಂದರೆ ಇನ್ನೊಂದಿದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ಮಂಡಿಗೆ ಹೋದ ಇಬ್ಬರು ಬೆಳೆಗಾರರ ಸರಾಸರಿ ಧಾರಣೆಯನ್ನು ಹೋಲಿಸುವಾಗ ಒಬ್ಬರ ಮೂಟೆಗಳಲ್ಲಿ ಸರಕು (ದುಬಾರಿ ದರ್ಜೆಯ ಅಡಿಕೆ) ಹೆಚ್ಚು, ಇನ್ನೊಬ್ಬರದರಲ್ಲಿ ಗೊರಬಲು (ಅಗ್ಗದ ದರ್ಜೆ) ಹೆಚ್ಚು ಇದ್ದರೆ, ಯಾರು ಚೆನ್ನಾಗಿ ಮಾರಿದರೆಂದು ಸರಾಸರಿ ಹೇಳುವುದಿಲ್ಲ. ಆಪರೇಷನ್ನಿನ ಲೆಕ್ಕದಲ್ಲೂ ಹಾಗೆಯೇ. ಇದಕ್ಕೆ ವೈದ್ಯಕೀಯದಲ್ಲಿ ಹೆಸರಾದ ಅಂಕಿಗಳು ಕಿಡ್ನಿ ಕಲ್ಲಿನವು, 1986ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದವು. ಹೊಟ್ಟೆ ಕೊಯ್ದು ಕಲ್ಲು ತೆಗೆದ 350 ಜನರಲ್ಲಿ 273 ಜನರಿಗೆ ಯಶಸ್ಸು, ಶೇ. 78. ಸಣ್ಣ ತೂತಿನ ಮೂಲಕ ತೆಗೆದ 350ರಲ್ಲಿ 289, ಶೇ. 83. ಹೊಸ ವಿಧಾನವೇ ಮೇಲು ಅನ್ನಿಸುತ್ತದೆ. ಈಗ ಕಲ್ಲಿನ ಗಾತ್ರದ ಮೇಲೆ ಬೇರ್ಪಡಿಸಿ. ಎರಡು ಸೆಂಟಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಕೊಯ್ದು ತೆಗೆದದ್ದು 87ಕ್ಕೆ 81 (ಶೇ. 93), ತೂತಿನದು 270ಕ್ಕೆ 234 (ಶೇ. 87). ದೊಡ್ಡ ಕಲ್ಲುಗಳಲ್ಲಿ 263ಕ್ಕೆ 192 (ಶೇ. 73), 80ಕ್ಕೆ 55 (ಶೇ. 69). ಎರಡು ಗುಂಪಿನಲ್ಲೂ ಹಳೆಯ ವಿಧಾನವೇ ಮುಂದೆ! ಸುಲಭದ ಕಲ್ಲುಗಳು ಹೊಸ ವಿಧಾನದ ಪಾಲಿಗೆ ಹೆಚ್ಚಾಗಿ ಬಂದಿದ್ದರಿಂದ ಒಟ್ಟು ಲೆಕ್ಕ ಮಗುಚಿಕೊಂಡಿತು.

ಬೈಪಾಸಿನಲ್ಲಿ ಈ ‘ಕಲ್ಲಿನ ಗಾತ್ರ’ದ ಜಾಗದಲ್ಲಿ ಹತ್ತಾರು ಅಂಶಗಳಿವೆ. ರಕ್ತದೊತ್ತಡ ಕುಸಿದು ತುರ್ತಾಗಿ ಬಂದವರನ್ನು ಸಾಮಾನ್ಯವಾಗಿ ಮಷೀನ್ ಮೇಲೆಯೇ ತೆಗೆದುಕೊಳ್ಳುತ್ತಾರೆ. ಬೈಪಾಸಿನ ಜೊತೆಗೆ ಕವಾಟವನ್ನೂ ಸರಿಪಡಿಸಬೇಕಿದ್ದರೆ ಮಷೀನ್ ಬೇಕೇ ಬೇಕು. ನಾಳಗಳು ಸಣ್ಣಗಿದ್ದರೆ, ಹೃದಯದ ಸ್ನಾಯುವಿನೊಳಗೆ ಹುದುಗಿದ್ದರೆ ಬಹಳಷ್ಟು ಸರ್ಜನ್ನರು ಮಷೀನನ್ನೇ ಆರಿಸುತ್ತಾರೆ. ತದ್ವಿರುದ್ಧವಾಗಿ, ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದವರು, ತುಂಬ ವಯಸ್ಸಾದವರು ಆಫ್-ಪಂಪ್ ಕಡೆ ಸರಿಯುತ್ತಾರೆ. ಕರಪತ್ರದ ‘ಹಳೆ ವಿಧಾನ’ದ ಗುಂಪಿನಲ್ಲಿ ತುರ್ತು ಕೇಸುಗಳೂ ಕವಾಟದ ಕೇಸುಗಳೂ ಸೇರಿದ್ದರೆ ‘ಅರ್ಧ’ ಬರುವುದರಲ್ಲಿ ಆಶ್ಚರ್ಯವೇ ಇಲ್ಲ. ಮೊದಲು ಕೇಳಬೇಕಾದ್ದು ಇದು: ಬರೀ ಬೈಪಾಸ್, ಮೊದಲೇ ದಿನ ನಿಗದಿಯಾದ ಕೇಸು, ಎರಡೂ ಕಡೆ ಇಷ್ಟೇ ಇದ್ದಾಗ ಅಂಕಿ ಎಷ್ಟು?

ಹಳೆಯ ಆಸ್ಪತ್ರೆ ದಾಖಲೆಗಳಿಂದಲೇ ಹೋಲಿಸಬೇಕಾದಾಗ ಸಂಖ್ಯಾಶಾಸ್ತ್ರಜ್ಞರು ಮಾಡುವ ಕೆಲಸ ಮೂರು ಬಗೆಯದು. ಅಪಾಯದ ಮಟ್ಟದ ಮೇಲೆ ಗುಂಪು ಮಾಡಿ ಹೋಲಿಸುವುದು ಒಂದು. ರಿಗ್ರೆಷನ್ ಮಾದರಿಯಲ್ಲಿ ವಯಸ್ಸು, ಪಂಪಿಂಗ್, ಕ್ರಿಯಾಟಿನಿನ್ ಮುಂತಾದವನ್ನು ಸೇರಿಸಿ ಸರಿದೂಗಿಸುವುದು ಇನ್ನೊಂದು. ಇದಕ್ಕೆ ಒಂದೊಂದು ಅಂಶಕ್ಕೂ ಕನಿಷ್ಠ ಹತ್ತು ಘಟನೆಗಳಾದರೂ ಇರಲಿ ಎಂಬ ಹಳೆಯ ಅಂದಾಜಿದೆ. ಆರು ಸಾವುಗಳ ಲೆಕ್ಕದಲ್ಲಿ ಎಂಟು ಅಂಶಗಳನ್ನು ಸರಿದೂಗಿಸಿದ್ದೇವೆ ಎಂದು ಯಾರಾದರೂ ಬರೆದರೆ ಅದನ್ನು ಪಕ್ಕಕ್ಕಿಡಿ.

ಮೂರನೆಯದು 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ಮುಂದಿಟ್ಟ ಪ್ರೊಪೆನ್ಸಿಟಿ ಸ್ಕೋರ್. ಹೃದಯ ಶಸ್ತ್ರಚಿಕಿತ್ಸೆಯ ಪ್ರಬಂಧಗಳಲ್ಲಿ ಇವತ್ತು ಎಲ್ಲೆಲ್ಲೂ ಕಾಣುವುದು ಇದೇ. ಆಪರೇಷನ್ನಿಗೆ ಮುಂಚಿನ ಮಾಹಿತಿ ಇಟ್ಟುಕೊಂಡು, ಈ ರೋಗಿಗೆ ಆಫ್-ಪಂಪ್ ಸಿಗುವ ಸಂಭವ ಎಷ್ಟಿತ್ತು ಎಂದು ಪ್ರತಿಯೊಬ್ಬರಿಗೂ ಅಂದಾಜು ಮಾಡುತ್ತಾರೆ. ಆಮೇಲೆ ಅದೇ ಸಂಭವವಿದ್ದೂ ಮಷೀನ್ ಮೇಲೆ ಹೋದ ಇನ್ನೊಬ್ಬ ರೋಗಿಯನ್ನು ಜೋಡಿ ಮಾಡುತ್ತಾರೆ. ಇಂಥ ಪ್ರಬಂಧ ಕೈಗೆ ಸಿಕ್ಕರೆ ಜೋಡಿ ಮಾಡಿದ ಮೇಲಿನ ಕೋಷ್ಟಕವನ್ನು ಮೊದಲು ನೋಡಿ. ಪ್ರತಿ ಅಂಶದಲ್ಲೂ ಪ್ರಮಾಣೀಕೃತ ವ್ಯತ್ಯಾಸ (ಎರಡು ಗುಂಪಿನ ಸರಾಸರಿಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದ್ದು) 0.1ಕ್ಕಿಂತ ಕಡಿಮೆ ಇರಬೇಕು. ಅಲ್ಲಿ ಪಿ-ವ್ಯಾಲ್ಯೂ ಕೊಟ್ಟು ‘ಎರಡೂ ಗುಂಪು ಒಂದೇ’ ಎಂದಿದ್ದರೆ ಅದು ಸಾಕ್ಷಿಯಾಗದು, ಸಂಖ್ಯೆ ಚಿಕ್ಕದಾದಷ್ಟೂ ಪಿ ತಾನಾಗಿ ದೊಡ್ಡದಾಗುತ್ತದೆ. ಜೋಡಿ ಸಿಗದೆ ಎಷ್ಟು ಜನ ಹೊರಗುಳಿದರು ಎಂಬುದನ್ನೂ ನೋಡಬೇಕು. ಅರ್ಧಕ್ಕರ್ಧ ಬಿಟ್ಟುಹೋಗಿದ್ದರೆ ಫಲಿತಾಂಶ ಉಳಿದ ಅರ್ಧದಂಥವರಿಗೆ ಮಾತ್ರ. ಕೆಲವರು ಮಾಡುವ ಇನ್ನೊಂದು ತಪ್ಪು, ‘ಎಷ್ಟು ಗ್ರಾಫ್ಟ್ ಹಾಕಿದರು’ ಎಂಬುದನ್ನೂ ಸ್ಕೋರಿಗೆ ಸೇರಿಸುವುದು. ಆಫ್-ಪಂಪ್‌ನಲ್ಲಿ ಹಿಂಬದಿಯ ನಾಳ ಸಿಗದೆ ಗ್ರಾಫ್ಟ್ ಕಡಿಮೆಯಾಗಿದ್ದರೆ ಅದು ಆ ವಿಧಾನದ ಪರಿಣಾಮ. ಅದನ್ನು ಸರಿದೂಗಿಸಿದರೆ ಆ ವಿಧಾನದ ದೋಷವನ್ನೇ ಅಳಿಸಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ದಾಖಲೆಯಲ್ಲಿ ಇಲ್ಲದ್ದನ್ನು ಯಾವ ಸ್ಕೋರೂ ಸರಿದೂಗಿಸಲಾರದು. ರೋಗಿಯನ್ನು ಕಣ್ಣಾರೆ ನೋಡಿ ಸರ್ಜನ್ ಮನಸ್ಸಿನಲ್ಲೇ ಮಾಡುವ ‘ಇವರು ತಡೆದುಕೊಳ್ಳುತ್ತಾರೆ’, ‘ಈ ನಾಳ ಹೊಲಿಗೆ ಹಿಡಿಯುವಂತಿದೆ’ ಎಂಬ ಅಂದಾಜು ಕಂಪ್ಯೂಟರಿಗೆ ಬರುವುದಿಲ್ಲ. ಇದರ ಬೆಲೆ ಎಷ್ಟೆಂದು ಪಕ್ಕದ ಒಂದು ಪ್ರಶ್ನೆಯಲ್ಲಿ ಗೊತ್ತಾಗಿದೆ: ಒಂದು ಮ್ಯಾಮರಿ ಧಮನಿ ಬಳಸಬೇಕೋ ಎರಡನ್ನೋ? ಆಸ್ಪತ್ರೆ ದಾಖಲೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಎರಡು ಬಳಸಿದವರಲ್ಲಿ ಸಾವು ಸುಮಾರು ಐದನೇ ಒಂದು ಭಾಗ ಕಡಿಮೆ ಕಂಡಿತ್ತು. ಆಮೇಲೆ ಭಾರತವೂ ಸೇರಿ ಏಳು ದೇಶಗಳ 3,102 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿ ನಡೆಸಿದ ಆರ್ಟ್ ಟ್ರಯಲ್‌ನ ಹತ್ತು ವರ್ಷದ ಫಲಿತಾಂಶ 2019ರಲ್ಲಿ ಬಂತು. ಎರಡು ಧಮನಿಯವರಲ್ಲಿ ಸಾವು ಶೇ. 20.3, ಒಂದರವರಲ್ಲಿ ಶೇ. 21.2, ಹಜಾರ್ಡ್ ರೇಷಿಯೋ (ಎರಡು ಗುಂಪಿನ ಅಪಾಯದ ಅನುಪಾತ, 1 ಎಂದರೆ ಸಮ) 0.96, ವ್ಯಾಪ್ತಿ 0.82ರಿಂದ 1.12. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ದಾಖಲೆ ಆಧಾರಿತ ಅಧ್ಯಯನಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಎರಡು ಧಮನಿಯ ಲಾಭ ಮೊದಲ ವರ್ಷದಲ್ಲೇ ಶುರುವಾಗಿದ್ದು ಕಂಡಿತು. ಧಮನಿಯ ಗ್ರಾಫ್ಟು ಕಾಲಿನ ನಾಳಕ್ಕಿಂತ ಹೆಚ್ಚು ಬಾಳುವುದರಿಂದ ಬರುವ ಲಾಭ ಅಷ್ಟು ಬೇಗ ಕಾಣುವಂಥದ್ದಲ್ಲ. ಗಟ್ಟಿಮುಟ್ಟಾದವರನ್ನು ಆರಿಸಿ ಎರಡು ಧಮನಿ ಹಾಕಿದ್ದರು ಎಂಬುದೇ ಹೊಂದುವ ವಿವರಣೆ. (ಆರ್ಟ್‌ನಲ್ಲೂ ಒಂದು ತೊಡಕಿದೆ: ಒಂದು ಧಮನಿಯ ಗುಂಪಿನಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕೈಯ ಧಮನಿಯನ್ನೂ ಬಳಸಿದ್ದರು, ಅದರಿಂದ ಎರಡು ಗುಂಪು ಹತ್ತಿರವಾದವು. ಹಾಗಾಗಿ ಆ ಚರ್ಚೆ ಮುಗಿದಿಲ್ಲ.)

ಆಪರೇಷನ್ ನಡುವೆ ವಿಧಾನ ಬದಲಾದರೆ

ಇದು ಬೀಟಿಂಗ್ ಹಾರ್ಟ್ ಲೆಕ್ಕದಲ್ಲೇ ವಿಶೇಷವಾಗಿ ಬರುವ ಮೋಸ. ಆಫ್-ಪಂಪ್ ಎಂದು ಶುರುಮಾಡಿ, ಹೃದಯವನ್ನು ಎತ್ತಿ ತಿರುಗಿಸಿದಾಗ ಒತ್ತಡ ಕುಸಿದರೆ ಅಥವಾ ಲಯ ತಪ್ಪಿದರೆ, ಆ ಕ್ಷಣದಲ್ಲಿ ಮಷೀನ್‌ಗೆ ಹಾಕುತ್ತಾರೆ. ಹೀಗೆ ತುರ್ತಾಗಿ ಬದಲಾಯಿಸಿದವರಲ್ಲಿ ಸಾವು ಹೆಚ್ಚು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅಂಥವರು ‘ಮಷೀನ್ ಮೇಲೆ ಮಾಡಿದ್ದು’ ಎಂದು ದಾಖಲಾದರೆ ಆಫ್-ಪಂಪ್‌ನ ಅತ್ಯಂತ ಕೆಟ್ಟ ಫಲಿತಾಂಶಗಳು ಎದುರು ಗುಂಪಿನ ಖಾತೆಗೆ ಹೋಗುತ್ತವೆ. ಎರಡೂ ಕಡೆಯ ಅಂಕಿ ಒಮ್ಮೆಲೇ ತಪ್ಪುತ್ತದೆ, ಒಬ್ಬರೂ ಸುಳ್ಳು ಬರೆದಿರುವುದಿಲ್ಲ.

ಇದಕ್ಕೆ ಪರಿಹಾರ, ಯಾವ ವಿಧಾನ ಮಾಡಬೇಕೆಂದು ಹೊರಟರೋ ಆ ಗುಂಪಿನಲ್ಲೇ ಎಣಿಸುವುದು. ಚೀಟಿ ಎತ್ತಿದಂತೆ ಹಂಚುವ ರ್‍ಯಾಂಡಮೈಸ್ಡ್ ಟ್ರಯಲ್‌ಗಳಲ್ಲಿ ಇದನ್ನು ಇಂಟೆನ್ಷನ್-ಟು-ಟ್ರೀಟ್ ಎನ್ನುತ್ತಾರೆ. ಈ ಎರಡು ವಿಧಾನಗಳನ್ನೇ ಹೋಲಿಸಿದ ಅಮೆರಿಕದ ರೂಬಿ ಟ್ರಯಲ್‌ನಲ್ಲಿ ಆಫ್-ಪಂಪ್‌ಗೆ ಬಂದವರಲ್ಲಿ ಶೇ. 12.4 ಜನ ಮಷೀನ್‌ಗೆ ಬದಲಾದರು. ಇಷ್ಟು ಜನ ಖಾತೆ ಬದಲಾಯಿಸಿದರೆ ‘ಅರ್ಧ’ ಎಂಬ ಅಂತರವನ್ನು ಹುಟ್ಟಿಸಲೂಬಹುದು, ಅಳಿಸಲೂಬಹುದು.

ಎಷ್ಟು ದಿನದವರೆಗೆ ಎಣಿಸಿದರು?

‘ಆಸ್ಪತ್ರೆಯಲ್ಲಿ ಸಾವು’ ಮತ್ತು ‘30 ದಿನದೊಳಗೆ ಸಾವು’ ಬೇರೆ ಬೇರೆ. ಏಳನೇ ದಿನ ಡಿಸ್ಚಾರ್ಜ್ ಆಗಿ, ಹದಿನೈದನೇ ದಿನ ಊರಲ್ಲಿ ತೀರಿಕೊಂಡವರು ಮೊದಲನೆಯದರಲ್ಲಿ ಬರುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಈ ಸೋರಿಕೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ಆಗುಂಬೆ ಕಡೆಯಿಂದ ಮಂಗಳೂರಿಗೋ ಬೆಂಗಳೂರಿಗೋ ಫಾಲೋಅಪ್‌ಗೆ ಹೋಗುವುದು ಎಲ್ಲರಿಗೂ ಆಗದ ಮಾತು. ತೊಂದರೆಯಾದರೆ ಹತ್ತಿರದ ಬೇರೆ ಆಸ್ಪತ್ರೆಗೆ ಸೇರುತ್ತಾರೆ. ಆಪರೇಷನ್ ಮಾಡಿದವರ ಫೈಲಿನಲ್ಲಿ ಅವರು ಕೊನೆಯ ಭೇಟಿಯವರೆಗೆ ‘ಕ್ಷೇಮ’.

ವರ್ಷಗಟ್ಟಲೆ ಬದುಕನ್ನು ಹೋಲಿಸಲು ಬಳಸುವ ಕ್ಯಾಪ್ಲಾನ್-ಮೇಯರ್ ರೇಖೆ (1958) ಹೀಗೆ ನಡುವೆ ಕಣ್ಮರೆಯಾದವರನ್ನು ಅಲ್ಲಿಯವರೆಗೆ ಎಣಿಸಿ ಆಮೇಲೆ ಬಿಡುತ್ತದೆ. ಅದರ ಹಿಂದೆ ಒಂದು ನಂಬಿಕೆಯಿದೆ: ಕಣ್ಮರೆಯಾದವರಿಗೂ ಉಳಿದವರಿಗೂ ಮುಂದಿನ ಅಪಾಯ ಒಂದೇ. ಹುಷಾರಿಲ್ಲದವರೇ ಬರುವುದನ್ನು ಬಿಟ್ಟಿದ್ದರೆ ರೇಖೆ ಸುಳ್ಳು ಸಮಾಧಾನ ಕೊಡುತ್ತದೆ. ಆದ್ದರಿಂದ ರೇಖೆಯ ಕೆಳಗೆ, ಪ್ರತಿ ವರ್ಷ ಎಷ್ಟು ಜನ ಇನ್ನೂ ಲೆಕ್ಕದಲ್ಲಿದ್ದರು ಎಂಬ ಸಾಲನ್ನು ನೋಡಿ. ಐದನೇ ವರ್ಷದಲ್ಲಿ ಹದಿನೈದಿಪ್ಪತ್ತು ಜನ ಮಾತ್ರ ಉಳಿದಿದ್ದರೆ ಆ ತುದಿಯ ಅಂತರಕ್ಕೆ ತೂಕವಿಲ್ಲ.

ಎರಡು ರೇಖೆಗಳನ್ನು ಹೋಲಿಸಲು ಲಾಗ್-ರ್‍ಯಾಂಕ್ ಪರೀಕ್ಷೆ, ಸರಿದೂಗಿಸಿ ಹೋಲಿಸಲು ಕಾಕ್ಸ್ ಮಾದರಿ (1972). ಕಾಕ್ಸ್ ಕೊಡುವ ಹಜಾರ್ಡ್ ರೇಷಿಯೋ ಒಂದೇ ಸಂಖ್ಯೆ. ಎರಡು ಗುಂಪಿನ ಅಪಾಯದ ಅನುಪಾತ ಮೊದಲ ದಿನದಿಂದ ಕೊನೆಯವರೆಗೆ ಒಂದೇ ಇರುತ್ತದೆ ಎಂದು ಅದು ಹಿಡಿದುಕೊಂಡಿರುತ್ತದೆ. ಆರಂಭದಲ್ಲಿ ಲಾಭ, ಆಮೇಲೆ ನಷ್ಟ ಎಂಬ ಸಾಧ್ಯತೆಯಿರುವ ವಿಧಾನಕ್ಕೆ ಇದು ಹೊಂದದಿರಬಹುದು. ರೇಖೆಗಳು ಒಂದನ್ನೊಂದು ದಾಟಿದಾಗ ಸರಾಸರಿ ಅನುಪಾತ 1ರ ಹತ್ತಿರ ನಿಂತು ‘ಏನೂ ವ್ಯತ್ಯಾಸವಿಲ್ಲ’ ಎಂದುಬಿಡುತ್ತದೆ. ಅಂಥಲ್ಲಿ ಮೊದಲ 30 ದಿನವನ್ನೂ ಆಮೇಲಿನ ಕಾಲವನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು, ಇಲ್ಲವೇ ಐದು ವರ್ಷದಲ್ಲಿ ಸರಾಸರಿ ಎಷ್ಟು ತಿಂಗಳು ಬದುಕಿದರು ಎಂದು ನೇರವಾಗಿ ಹೋಲಿಸಬೇಕು. ಸಾವಲ್ಲದ ಘಟನೆಗಳಿಗೆ, ಉದಾಹರಣೆಗೆ ಮತ್ತೆ ಸ್ಟೆಂಟ್ ಬೇಕಾದದ್ದಕ್ಕೆ, ಸತ್ತವರಿಗೆ ಅದು ಆಗುವಂತಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದುಕೊಳ್ಳುವ ಕಾಂಪೀಟಿಂಗ್ ರಿಸ್ಕ್ ವಿಧಾನ ಬೇಕು.

ತಮ್ಮನ ವಿಡಿಯೋದ ಅಧ್ಯಯನ

ಅವರು ಹೇಳುತ್ತಿರುವುದು ಮೇಲೆ ಬಂದ ರೂಬಿ ಟ್ರಯಲ್ ಇರಬೇಕು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 2,203 ಜನರ ಮೇಲೆ ನಡೆದದ್ದು, ಮೊದಲ ಫಲಿತಾಂಶ 2009ರಲ್ಲಿ. 30 ದಿನದಲ್ಲಿ ಸಾವು ಮತ್ತು ದೊಡ್ಡ ತೊಡಕುಗಳು ಸೇರಿ ಆಫ್-ಪಂಪ್ ಶೇ. 7.0, ಮಷೀನ್ ಶೇ. 5.6, ಈ ವ್ಯತ್ಯಾಸ ಆಕಸ್ಮಿಕದ ವ್ಯಾಪ್ತಿಯೊಳಗಿತ್ತು. ಒಂದು ವರ್ಷದ ಒಟ್ಟು ಘಟನೆಗಳು ಶೇ. 9.9 ಮತ್ತು 7.4. ತೆರೆದಿದ್ದ ಗ್ರಾಫ್ಟುಗಳು ಶೇ. 82.6 ಮತ್ತು 87.8. ಐದು ವರ್ಷದಲ್ಲಿ ಸಾವು ಶೇ. 15.2 ಮತ್ತು 11.9, ಅನುಪಾತ 1.28, ವ್ಯಾಪ್ತಿ 1.02ರಿಂದ 1.60. ವಿಡಿಯೋ ಹೇಳಿದ್ದು ಸರಿಯೇ. ಚೀಟಿ ಎತ್ತಿ ಹಂಚಿದ್ದರಿಂದ ಆರಿಸಿದ ದೋಷ ಇಲ್ಲಿ ಇಲ್ಲ.

ಇದರ ಪಕ್ಕಕ್ಕೆ ಕರೋನರಿ ಎಂಬ ಇನ್ನೊಂದು ಟ್ರಯಲ್ ಇಡಿ (ಸಾಂಕ್ರಾಮಿಕದ ಹೆಸರಲ್ಲ, ಹೃದಯದ ಧಮನಿಯ ಹೆಸರು). ಭಾರತವೂ ಸೇರಿ 19 ದೇಶ, 79 ಆಸ್ಪತ್ರೆ, 4,752 ರೋಗಿಗಳು. ಸಾವು, ಲಕ್ವ, ಹೃದಯಾಘಾತ, ಡಯಾಲಿಸಿಸ್ ಬೇಕಾಗುವ ಕಿಡ್ನಿ ವೈಫಲ್ಯ ಇವೆಲ್ಲ ಸೇರಿ 30 ದಿನದಲ್ಲಿ ಆಫ್-ಪಂಪ್ ಶೇ. 9.8, ಮಷೀನ್ ಶೇ. 10.3. ಐದು ವರ್ಷಕ್ಕೆ, ಮತ್ತೆ ಬೈಪಾಸ್ ಅಥವಾ ಸ್ಟೆಂಟ್ ಬೇಕಾದದ್ದನ್ನೂ ಸೇರಿಸಿ, ಶೇ. 23.1 ಮತ್ತು 23.6, ಹಜಾರ್ಡ್ ರೇಷಿಯೋ 0.98, ವ್ಯಾಪ್ತಿ 0.87ರಿಂದ 1.10. ಸಾವು ಮಾತ್ರ ತೆಗೆದುಕೊಂಡರೆ ಶೇ. 14.6 ಮತ್ತು 13.5, ಇದೂ ಆಕಸ್ಮಿಕದ ವ್ಯಾಪ್ತಿಯೊಳಗೆ.

ಎರಡೂ ಒಳ್ಳೆಯ ಟ್ರಯಲ್‌ಗಳೇ, ಹಾಗಾದರೆ ಉತ್ತರ ಬೇರೆಯೇಕೆ? ನನ್ನ ಅಭಿಪ್ರಾಯದಲ್ಲಿ ದೊಡ್ಡ ಕಾರಣ ಕೈ ಪಳಗಿದ್ದರಲ್ಲಿದೆ. ಕರೋನರಿಯಲ್ಲಿ ಸರ್ಜನ್ ತಾನು ಮಾಡುವ ವಿಧಾನದಲ್ಲಿ 100ಕ್ಕಿಂತ ಹೆಚ್ಚು ಕೇಸು ಮಾಡಿರಬೇಕಿತ್ತು. ರೂಬಿಯಲ್ಲಿ 20 ಆಫ್-ಪಂಪ್ ಕೇಸು ಮಾಡಿದ್ದರೆ ಸಾಕಿತ್ತು, ಹಲವು ಆಪರೇಷನ್‌ಗಳಲ್ಲಿ ತರಬೇತಿಯಲ್ಲಿದ್ದ ವೈದ್ಯರ ಕೈಯೂ ಇತ್ತು. ಮಷೀನ್‌ಗೆ ಬದಲಾದವರು ರೂಬಿಯಲ್ಲಿ ಶೇ. 12.4, ಕರೋನರಿಯಲ್ಲಿ ಶೇ. 7.9. ರೂಬಿಯ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಗಂಡಸರು ಎಂಬುದೂ ಇದೆ. ಅಮೆರಿಕದಲ್ಲಿ ಆಫ್-ಪಂಪ್ ಕಡಿಮೆ, ನಮ್ಮ ದೇಶದಲ್ಲಿ ಹೆಚ್ಚು. ದಿನವೂ ಆ ಕೆಲಸ ಮಾಡುವವರ ಕೈಗೆ ರೂಬಿಯ ಅಂಕಿಯನ್ನು ಹಾಗೆಯೇ ಅಂಟಿಸುವುದು ಸರಿಯಲ್ಲ. ವರ್ಷಕ್ಕೆ ನಾಲ್ಕಾರು ಆಫ್-ಪಂಪ್ ಮಾಡುವವರಿಗೆ ಕರೋನರಿಯ ಸಮಾಧಾನವೂ ಸಲ್ಲುವುದಿಲ್ಲ.

ಕ್ರಿಯಾಟಿನಿನ್ 1.4 ಎಂದಿದ್ದೀರಿ, ಆದ್ದರಿಂದ ಇನ್ನೊಂದು ಅಂಕಿ. ಕರೋನರಿಯಲ್ಲಿ 2,932 ಜನರ ಕಿಡ್ನಿಯನ್ನು ಬೇರೆಯಾಗಿ ಗಮನಿಸಿದರು. ಆಪರೇಷನ್ ಆದ 30 ದಿನದೊಳಗೆ ಕಿಡ್ನಿಗೆ ಪೆಟ್ಟಾದದ್ದು ಆಫ್-ಪಂಪ್‌ನಲ್ಲಿ ಶೇ. 17.5, ಮಷೀನ್‌ನಲ್ಲಿ ಶೇ. 20.8, ಇದು ಗಟ್ಟಿ ವ್ಯತ್ಯಾಸ. ಆದರೆ ಒಂದು ವರ್ಷದ ಮೇಲೆ ಕಿಡ್ನಿಯ ಶಕ್ತಿ ಕುಗ್ಗಿದವರು ಶೇ. 17.1 ಮತ್ತು 15.3, ಅಂದರೆ ಆರಂಭದ ಲಾಭ ಉಳಿಯಲಿಲ್ಲ. ಕ್ರಿಯಾಟಿನಿನ್ ಕಾರಣ ಕೊಟ್ಟು ‘ಬೀಟಿಂಗ್ ಹಾರ್ಟೇ ಆಗಬೇಕು’ ಎಂದು ಯಾರಾದರೂ ಒತ್ತಿ ಹೇಳಿದರೆ ಇದನ್ನು ನೆನಪಿಡಿ.

‘ಸಕ್ಕರೆ ಕಾಯಿಲೆಯವರಿಗೆ ಮಾತ್ರ ನೋಡಿದರೆ’ ಎಂದು ಒಂದು ಟ್ರಯಲ್‌ನ ಸಣ್ಣ ಉಪಗುಂಪಿನ ಅಂಕಿಯನ್ನೂ ಯಾರಾದರೂ ತೋರಿಸಬಹುದು. 1988ರಲ್ಲಿ ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆಂದು 17,187 ಜನರಲ್ಲಿ ತೋರಿಸಿಕೊಟ್ಟ ಐಸಿಸ್-2 ಟ್ರಯಲ್‌ನವರು, ಉಪಗುಂಪುಗಳನ್ನು ನಂಬಬೇಡಿ ಎಂದು ತಿಳಿಸಲೆಂದೇ ರೋಗಿಗಳನ್ನು ಜನ್ಮರಾಶಿಯ ಮೇಲೆ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಸ್ವಲ್ಪ ಕೆಡುಕು ಮಾಡಿದಂತೆ ಕಂಡಿತು. ಹೆಚ್ಚು ತುಂಡು ಮಾಡಿದಷ್ಟೂ ಎಲ್ಲಾದರೊಂದು ಕಡೆ ಇಂಥ ಫಲಿತಾಂಶ ಸಿಕ್ಕೇ ಸಿಗುತ್ತದೆ.

ನಿಮ್ಮ ತಂದೆಯವರಿಗೆ

ಪಳಗಿದ ಕೈಯಲ್ಲಿ ಎರಡು ವಿಧಾನಗಳ ನಡುವಿನ ಅಂತರ ಚಿಕ್ಕದು. ವಿಧಾನದ ಹೆಸರಿಗಾಗಿಯೇ ಆಸ್ಪತ್ರೆ ಬದಲಾಯಿಸುವುದಕ್ಕೆ ಈಗಿರುವ ಪುರಾವೆ ಸಾಲದು. ತೂಕ ಹಾಕಬೇಕಾದ್ದು ಎರಡು: ಆ ತಂಡ ಆ ವಿಧಾನವನ್ನು ಎಷ್ಟು ಮಾಡುತ್ತದೆ, ನಿಮ್ಮ ತಂದೆಯವರ ನಾಳ ಮತ್ತು ಮಹಾಪಧಮನಿ ಹೇಗಿವೆ. ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದ್ದರೆ ಕ್ಲ್ಯಾಂಪ್ ಹಾಕುವಾಗ ಚೂರು ಕಳಚಿ ಮಿದುಳಿಗೆ ಹೋಗುವ ಭಯವಿದೆ. ಅಲ್ಲಿ ಮಹಾಪಧಮನಿಯನ್ನು ಮುಟ್ಟದೆ ಮಾಡುವ ಆಫ್-ಪಂಪ್‌ಗೆ ಒಳ್ಳೆಯ ಕಾರಣ ಉಂಟು. ಸಿ.ಟಿ. ಅಥವಾ ಆಪರೇಷನ್ ವೇಳೆಯ ಅಲ್ಟ್ರಾಸೌಂಡ್‌ನಲ್ಲಿ ಇದು ಗೊತ್ತಾಗುತ್ತದೆ. ಹಳೆಯ ಸಕ್ಕರೆ ಕಾಯಿಲೆಯಿಂದ ನಾಳಗಳು ಉದ್ದಕ್ಕೂ ಸಣ್ಣಗಾಗಿದ್ದು, ಹಿಂಬದಿಗೂ ಗ್ರಾಫ್ಟ್ ಬೇಕಿದ್ದರೆ ಮಷೀನ್ ಕಡೆಗೆ ತಕ್ಕಡಿ ವಾಲುತ್ತದೆ. ಬೇಕಾದ ನಾಲ್ಕರಲ್ಲಿ ಮೂರೇ ಗ್ರಾಫ್ಟ್ ಆಗುವುದಕ್ಕಿಂತ ಮಷೀನ್ ಮೇಲೆ ನಾಲ್ಕೂ ಆಗುವುದು ಮೇಲು. ಎರಡೂ ಮ್ಯಾಮರಿ ಬಳಸೋಣ ಎಂದರೆ ಸಕ್ಕರೆ ಹತೋಟಿಯ ಬಗ್ಗೆ ಕೇಳಿ: ಆರ್ಟ್‌ನಲ್ಲಿ ಎದೆಮೂಳೆಯ ಗಾಯದ ತೊಡಕು ಎರಡು ಧಮನಿಯವರಲ್ಲಿ ಶೇ. 3.5, ಒಂದರವರಲ್ಲಿ 1.9 ಇತ್ತು, ಸಕ್ಕರೆ ಕಾಯಿಲೆ ಆ ಅಪಾಯವನ್ನು ಏರಿಸುತ್ತದೆ.

ಎರಡೂ ಆಸ್ಪತ್ರೆಗೆ ಒಂದೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಕಳೆದ ಎರಡು ಮೂರು ವರ್ಷದಲ್ಲಿ ಬರೀ ಬೈಪಾಸ್, ನಿಗದಿತ ಕೇಸು ಒಟ್ಟು ಎಷ್ಟು, 30 ದಿನದೊಳಗೆ ಮನೆಯಲ್ಲಾದ ಸಾವೂ ಸೇರಿ ಎಷ್ಟು? ಶೇಕಡಾ ಬೇಡ, ಸಂಖ್ಯೆಯನ್ನೇ ಕೇಳಿ. ಎಷ್ಟು ಜನರ 30 ದಿನದ ಸುದ್ದಿ ನಿಜವಾಗಿ ಸಿಕ್ಕಿದೆ? ಬೀಟಿಂಗ್ ಹಾರ್ಟ್ ಎಂದು ಶುರುಮಾಡಿದವರಲ್ಲಿ ಎಷ್ಟು ಜನರನ್ನು ಮಷೀನ್‌ಗೆ ಹಾಕಬೇಕಾಯಿತು, ಅವರನ್ನು ಯಾವ ಗುಂಪಿನಲ್ಲಿ ಎಣಿಸಿದ್ದಾರೆ? ಲಕ್ವ, ಡಯಾಲಿಸಿಸ್, ರಕ್ತಸ್ರಾವಕ್ಕಾಗಿ ಮತ್ತೆ ಎದೆ ತೆರೆದದ್ದು ಎಷ್ಟು? ನಮ್ಮ ತಂದೆಗೆ ಎಷ್ಟು ಗ್ರಾಫ್ಟ್ ಬೇಕು, ಅಷ್ಟೂ ಈ ವಿಧಾನದಲ್ಲಿ ಆಗುತ್ತದೆಯೇ? ಜೊತೆಗೆ ಯೂರೋಸ್ಕೋರ್-2 ಲೆಕ್ಕ ಹಾಕಿ ಅವರ ಅಪಾಯ ಎಷ್ಟೆಂದು ಹೇಳಲು ಕೋರಿ. ವಯಸ್ಸು, ಕಿಡ್ನಿ, ಪಂಪಿಂಗ್, ಇನ್ಸುಲಿನ್ ಬಳಕೆ ಮುಂತಾದವನ್ನು ಹಾಕಿದರೆ ಶೇಕಡಾ ಸಿಗುತ್ತದೆ. ತಮ್ಮ ರೋಗಿಗಳ ಯೂರೋಸ್ಕೋರ್ ಸರಾಸರಿ ಮತ್ತು ನಿಜವಾಗಿ ಆದ ಸಾವು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಆಸ್ಪತ್ರೆಯ ಮಾತಿಗೆ ಕರಪತ್ರಕ್ಕಿಂತ ಹೆಚ್ಚು ಬೆಲೆ ಕೊಡಿ. ಆ ಮಾದರಿ ಬಹುಪಾಲು ಯುರೋಪಿನ ರೋಗಿಗಳಿಂದ ಕಟ್ಟಿದ್ದು, ಆದ್ದರಿಂದ ಅದರ ಶೇಕಡಾವನ್ನು ಅಂದಾಜು ಎಂದಷ್ಟೇ ತಿಳಿಯಿರಿ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ಸರ್ಜನ್ನರು ಇದ್ದಾರೆ; ಕೇಳಲು ಸಂಕೋಚ ಬೇಡ.

ಆಂಜಿಯೋಗ್ರಾಮ್ ವರದಿಯಲ್ಲಿ ಎಡ ಮುಖ್ಯ ಧಮನಿಯಲ್ಲಿ (ಲೆಫ್ಟ್ ಮೇನ್) ಬ್ಲಾಕ್ ಇದೆಯೇ ಎಂದು ಇವತ್ತೇ ನೋಡಿ. ಅಲ್ಲಿ ಶೇ. 50 ಅಥವಾ ಹೆಚ್ಚು ಎಂದಿದ್ದರೆ, ಇಲ್ಲವೇ ಎದೆನೋವು ಸುಮ್ಮನೆ ಕೂತಾಗಲೂ ಬರತೊಡಗಿದ್ದರೆ, ಅಡಿಕೆ ಕೊನೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಎಂದು ಕಾಯಬೇಡಿ. ಆಗ ಎರಡು ವಿಧಾನಗಳ ನಡುವಿನ ಅಂತರಕ್ಕಿಂತ ತಡ ಮಾಡುವುದರ ಅಪಾಯವೇ ದೊಡ್ಡದು. ಈ ಎರಡು ತಂಡಗಳಲ್ಲಿ ಯಾರು ಬೇಗ ದಿನ ಕೊಡುತ್ತಾರೋ ಅವರು ಪಳಗಿರುವ ವಿಧಾನದಲ್ಲೇ ಮಾಡಿಸಿ. ಕೂತಾಗ ಬಂದ ನೋವು ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಆಂಜಿಯೋಗ್ರಾಮ್ ಸಿ.ಡಿ. ಮತ್ತು ಮಾತ್ರೆಗಳ ಪಟ್ಟಿಯನ್ನು ಜೊತೆಗೇ ಒಯ್ಯಿರಿ.